ಮಕ್ಕಳಿಗೆ 13 ವಾರ, ನಮಗೆ 20 ದಿನ: ಇಂಗ್ಲೆಂಡಿನ ಶಾಲಾ ರಜೆಗಳಲ್ಲಿ ಮೋಟರ್‌ಹೋಮ್ ಪ್ರವಾಸಕ್ಕೆ ಯಾವುದು ಚೆನ್ನ?

ಪ್ರತಿ ಸೆಪ್ಟೆಂಬರಿನ ಮೊದಲ ವಾರ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಎರಡು ಹಾಳೆ ಬರುತ್ತವೆ. ಒಂದು ಮಕ್ಕಳ ಶಾಲೆಯ ಟರ್ಮ್ ದಿನಾಂಕಗಳದ್ದು. ಇನ್ನೊಂದು ನಾನೂ ನಮ್ಮ ಯಜಮಾನರೂ ಕೂತು ಬರೆದ ಆಫೀಸ್ ರಜೆಯ ಲೆಕ್ಕ. ಬರ್ಕ್‌ಶೈರಿಗೆ ಬಂದ ಹೊಸದರಲ್ಲಿ ಮೊದಲನೆಯ ಹಾಳೆಯನ್ನಷ್ಟೇ ನೋಡಿ ಪ್ರವಾಸ ಯೋಚಿಸುತ್ತಿದ್ದೆವು. ಮೋಟರ್‌ಹೋಮ್, ಅಂದರೆ ಹಾಸಿಗೆ, ಅಡುಗೆಮನೆ ಒಳಗೇ ಇರುವ ಗಾಡಿ, ಬಾಡಿಗೆಗೆ ಹಿಡಿದು ಮಕ್ಕಳನ್ನು ಸುತ್ತಾಡಿಸಬೇಕು ಎಂಬ ಆಸೆ ಹುಟ್ಟಿದ ಮೇಲೆ ಗೊತ್ತಾಯಿತು, ನಿಜವಾಗಿ ನಮ್ಮನ್ನು ಕಟ್ಟಿಹಾಕುವುದು ಎರಡನೆಯ ಹಾಳೆ.

ಯಾವ ಗಾಡಿ, ಯಾವ ಊರು ಎಂದು ನನ್ನನ್ನು ಕೇಳುವ ಕನ್ನಡದ ಗೆಳತಿಯರು ಬಹಳ. ನಾನು ಮೊದಲು ಅವರನ್ನು ಕೇಳುವುದು, ಯಾವ ರಜೆ ಅಂತ. ಅದು ತೀರ್ಮಾನವಾದರೆ ಊರು ತಾನಾಗಿ ತೀರ್ಮಾನವಾಗುತ್ತದೆ. ಅದಕ್ಕೇ ಇಲ್ಲಿ ರಜೆಗಳನ್ನೇ ಒಂದರ ಪಕ್ಕ ಒಂದಿಟ್ಟು ತೂಗಿ ನೋಡಿದ್ದೇನೆ.

ಮೊದಲು ಲೆಕ್ಕ

ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ವರ್ಷಕ್ಕೆ 190 ದಿನ ಪಾಠ. ಉಳಿದ 13 ವಾರ ರಜೆ. ಅಕ್ಟೋಬರ್ ಕೊನೆಗೆ ಹಾಫ್ ಟರ್ಮ್, ಅಂದರೆ ಟರ್ಮಿನ ನಡುವಿನ ರಜೆ, ಒಂದು ವಾರ, ಕ್ರಿಸ್‌ಮಸ್‌ಗೆ ಎರಡು, ಫೆಬ್ರವರಿಯಲ್ಲಿ ಒಂದು, ಈಸ್ಟರ್‌ಗೆ ಎರಡು, ಮೇ ಕೊನೆಗೆ ಒಂದು, ಜುಲೈ ಕೊನೆಯಿಂದ ಆರು ವಾರ ಬೇಸಿಗೆ. ದೊಡ್ಡವರಿಗೆ? ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನು ಕೊಡಿಸುವ ಕನಿಷ್ಠ ರಜೆ 28 ದಿನ. ಅದರೊಳಗೇ ಎಂಟು ಬ್ಯಾಂಕ್ ಹಾಲಿಡೇಗಳನ್ನು, ಅಂದರೆ ಸಾರ್ವಜನಿಕ ರಜಾದಿನಗಳನ್ನು, ಸೇರಿಸಿಬಿಡಬಹುದು. ಸೇರಿಸಿದರೆ ನಾವಾಗಿ ಆರಿಸಿಕೊಳ್ಳಲು ಉಳಿಯುವುದು 20 ದಿನ. ನಿಮ್ಮ ಆಫೀಸು ಹೆಚ್ಚು ಕೊಡುತ್ತಿದ್ದರೆ ಸಂತೋಷ, ನಮ್ಮದು ಹೆಚ್ಚುಕಡಿಮೆ ಇಷ್ಟೇ.

ಈ 20ರಲ್ಲಿ ಮಗುವಿಗೆ ಜ್ವರ ಬಂದ ದಿನವೂ ಸೇರಿತು, ಬೇಸಿಗೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹಾಲಿಡೇ ಕ್ಲಬ್ ಇಲ್ಲದ ವಾರ ಒಬ್ಬರಾದ ಮೇಲೊಬ್ಬರು ಮನೆಯಲ್ಲಿ ಉಳಿಯುವ ದಿನವೂ ಸೇರಿತು. ಎಲ್ಲಕ್ಕಿಂತ ಮೊದಲು ಸೇರುವುದು ಊರು. ಅಜ್ಜಿ-ತಾತನನ್ನು ನೋಡಲು ಆಗಸ್ಟಿನಲ್ಲಿ ಮೂರು ವಾರ ಹಾಸನಕ್ಕೆ ಹೋದರೆ 15 ದಿನ ಅಲ್ಲೇ ಮುಗಿಯಿತು. ಉಳಿದದ್ದು ಐದು.

ಹಾಗಾಗಿ ನಾನು ರಜೆಗಳನ್ನು ಅಳೆಯುವುದು ಒಂದೇ ಅಳತೆಯಿಂದ: ಎಷ್ಟು ದಿನ ಆಫೀಸ್ ರಜೆ ಹಾಕಿದರೆ ಎಷ್ಟು ದಿನ ಗಾಡಿಯಲ್ಲಿ ಕಳೆಯಬಹುದು? ಬ್ಯಾಂಕ್ ಹಾಲಿಡೇ ಸೇರಿಕೊಂಡ ರಜೆಗಳು ಇಲ್ಲಿ ಗೆಲ್ಲುತ್ತವೆ. ಗುಡ್ ಫ್ರೈಡೇ ದಿನ ಹೊರಟು ಮುಂದಿನ ವಾರದ ಭಾನುವಾರ ಮರಳಿದರೆ ಹತ್ತು ದಿನ. ಹಾಕುವ ರಜೆ ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕೇ. ಮೇ ಹಾಫ್ ಟರ್ಮಿನ ಸೋಮವಾರ ಬ್ಯಾಂಕ್ ಹಾಲಿಡೇ. ಅಲ್ಲಿಯೂ ನಾಲ್ಕು ರಜೆಗೆ ಒಂಬತ್ತು ದಿನ. ಆಗಸ್ಟಿನ ಕೊನೆಯ ಸೋಮವಾರವನ್ನು ತುದಿಗಿಟ್ಟುಕೊಂಡು ಅದಕ್ಕೆ ಒಂಬತ್ತು ದಿನ ಮೊದಲಿನ ಶನಿವಾರ ಹೊರಟರೆ ಐದು ರಜೆಗೆ ಹತ್ತು ದಿನ. ಅಕ್ಟೋಬರ್ ಮತ್ತು ಫೆಬ್ರವರಿಯಲ್ಲಿ ಐದಕ್ಕೆ ಒಂಬತ್ತು.

ಊರಿಗೆ ಹೋಗದ ವರ್ಷ ಈಸ್ಟರ್, ಮೇ, ಆಗಸ್ಟ್ ಮೂರೂ ಸೇರಿ 13 ರಜೆ ಹೋಗುತ್ತದೆ, ಏಳು ಕೈಯಲ್ಲಿರುತ್ತದೆ. ಊರಿಗೆ ಹೋಗುವ ವರ್ಷ ಮೇ ಒಂದೇ. ಒಂದು ವರ್ಷ ಊರು, ಒಂದು ವರ್ಷ ಗಾಡಿ ಎಂದು ನಾವು ಮಾಡಿಕೊಂಡದ್ದು ಹೀಗೆ. ಅತ್ತೆಗೆ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ಗಾಡಿಯ ವರ್ಷ ಅವರೇ ಇಲ್ಲಿಗೆ ಬರಲಿ ಎಂದಾಗ ಮುಖ ಅರಳಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೇ ಕೊನೆಯ ವಾರ: ಒಂದೇ ಆರಿಸಿ ಎಂದರೆ ಇದು

ಒಂದು ವಾರವಷ್ಟೇ ಸಿಗುತ್ತದೆ, ನಿಜ. ಆದರೆ ಆ ವಾರದ ಬೆಳಕು ನೋಡಬೇಕು. ದಕ್ಷಿಣ ಇಂಗ್ಲೆಂಡಿನಲ್ಲೇ ರಾತ್ರಿ ಒಂಬತ್ತರವರೆಗೆ ಹೊತ್ತು ಮುಳುಗುವುದಿಲ್ಲ. ಮೋಟರ್‌ಹೋಮಿನಲ್ಲಿ ಮಕ್ಕಳೊಂದಿಗೆ ಇರುವವರಿಗೆ ಬೆಳಕೇ ಜಾಗ. ಒಳಗಿರುವುದು ನಮ್ಮ ಅಡುಗೆಮನೆಯಷ್ಟು ನೆಲ. ನಾಲ್ಕು ಜನ ಅದರಲ್ಲಿ ನೆಮ್ಮದಿಯಿಂದಿರಬೇಕಾದರೆ ಇಬ್ಬರು ಸದಾ ಹೊರಗೆ ಆಡುತ್ತಿರಬೇಕು. ಪೆಂಬ್ರೋಕ್‌ಶೈರಿನ ಕಡಲ ದಂಡೆಯ ಕ್ಯಾಂಪ್ ಸೈಟೊಂದರಲ್ಲಿ ಮಗ ಎಂಟೂವರೆಗೂ ಚೆಂಡು ಒದೆಯುತ್ತಿದ್ದ, ಮಗಳು ಪಕ್ಕದ ಗಾಡಿಯ ಹುಡುಗಿಯೊಡನೆ ಹುಲ್ಲಿನ ಮೇಲೆ ಇಸ್ಪೀಟು ಹರವಿ ಕೂತಿದ್ದಳು. ನಾನು ಎರಡು ಒಲೆಯ ಸ್ಟೌವ್ ಮೇಲೆ ಒಂದರಲ್ಲಿ ಕುಕ್ಕರ್, ಒಂದರಲ್ಲಿ ಒಗ್ಗರಣೆ ಇಟ್ಟು ಬಾಗಿಲು ತೆರೆದುಕೊಂಡು ಬಿಸಿಬೇಳೆಬಾತ್ ಮಾಡಿದೆ. ಇಂಗಿನ ವಾಸನೆ ಕಡಲ ಗಾಳಿಯಲ್ಲಿ ಹೋಯಿತು. ಫೆಬ್ರವರಿಯಲ್ಲಿ ಅದೇ ಅಡುಗೆ ಮಾಡಿದರೆ ಆ ಆವಿ ಎಲ್ಲಿ ಹೋಗುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಕೊರತೆ ಒಂದೇ, ಜನ. ಇಡೀ ಇಂಗ್ಲೆಂಡಿನ ಮಕ್ಕಳಿಗೆ ಹೆಚ್ಚುಕಡಿಮೆ ಅದೇ ವಾರ ರಜೆ. ಕಾರ್ನ್‌ವಾಲ್, ಲೇಕ್ ಡಿಸ್ಟ್ರಿಕ್ಟ್‌ಗಳಲ್ಲಿ ಪಿಚ್, ಅಂದರೆ ಸೈಟಿನಲ್ಲಿ ಗಾಡಿ ನಿಲ್ಲಿಸುವ ಜಾಗ, ಬೇಕೆಂದರೆ ಚಳಿಗಾಲದಲ್ಲೇ ಕಾದಿರಿಸಿ. ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಹೊರಡುವ ಆತುರ ಬೇಡ. ನಾವು ಒಮ್ಮೆ ಎಂ4 ಹೆದ್ದಾರಿಯಲ್ಲಿ ಸಿಕ್ಕಿಬಿದ್ದು, ಸೈಟಿನ ಬಾಗಿಲು ಹಾಕಿದ ಮೇಲೆ ತಲುಪಿ, ಹೊರಗಿನ ನಿಲುಗಡೆಯಲ್ಲಿ ವಿದ್ಯುತ್ ಸಂಪರ್ಕವಿಲ್ಲದೆ ರಾತ್ರಿ ಕಳೆದೆವು. ಶನಿವಾರ ಬೆಳಗಿನ ಜಾವ ಐದಕ್ಕೆ ಹೊರಟರೆ ಮಕ್ಕಳು ನಿದ್ದೆಯಲ್ಲೇ ಅರ್ಧ ದಾರಿ ಕಳೆಯುತ್ತಾರೆ.

ಈ ವಾರದಲ್ಲಿ ಫ್ರಾನ್ಸ್ ಹಗುರಾಗಿರುತ್ತದೆ. ಅಲ್ಲಿನ ವಸಂತ ರಜೆ ಎ, ಬಿ, ಸಿ ಎಂಬ ಮೂರು ವಲಯಗಳಾಗಿ ಹಂಚಿಹೋಗಿ ಅಷ್ಟರಲ್ಲಿ ಮುಗಿದಿರುತ್ತದೆ, ಬೇಸಿಗೆ ರಜೆಗೆ ಜುಲೈ ಬರಬೇಕು. ನಾರ್ಮಂಡಿ, ಬ್ರಿಟನಿ ಕಡಲ ತೀರದ ಸೈಟುಗಳಲ್ಲಿ ನಮಗೆ ಬೇಕಾದ ಮೂಲೆ ಸಿಗುತ್ತದೆ. ಆದರೆ ಇಟಲಿಯ ಗಾರ್ಡಾ ಸರೋವರದ ಕಡೆ ಆ ಹೊತ್ತಿಗೆ ಹೋಗಬೇಡಿ. ಬವೇರಿಯಾದ ಶಾಲೆಗಳಿಗೆ ಪೆಂಟೆಕಾಸ್ಟ್ ಹಬ್ಬದ ಎರಡು ವಾರ ರಜೆ ಹೆಚ್ಚಾಗಿ ಆಸುಪಾಸಿನಲ್ಲೇ ಬೀಳುತ್ತದೆ, ಆಲ್ಪ್ಸ್ ದಾಟಿ ಅವರೆಲ್ಲ ಅಲ್ಲಿಗಿಳಿಯುತ್ತಾರೆ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಫ್ರಾನ್ಸ್ ಎಂದರೆ ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ದೊಡ್ಡವರಿಗೆ 90 ಯೂರೋ, 6ರಿಂದ 12ರೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ದುಡ್ಡಿಗಿಂತ ದೊಡ್ಡ ತೊಡಕು ಪಾಸ್‌ಪೋರ್ಟ್ ಅವರ ಕೈಯಲ್ಲಿರುವ ದಿನಗಳು. ಮೇ ಪ್ರವಾಸಕ್ಕೆ ಜನವರಿಯಲ್ಲೇ ಅಪಾಯಿಂಟ್‌ಮೆಂಟ್ ಹುಡುಕಲು ಶುರುಮಾಡಿ. ಈಸ್ಟರ್‌ನಲ್ಲಿ ಊರಿಗೆ ಹೋಗುವ ಯೋಚನೆ ಇದ್ದರಂತೂ ಎರಡನ್ನೂ ಒಟ್ಟಿಗೆ ಹೊಂದಿಸಲು ಹೋಗಬೇಡಿ.

ಆಗಸ್ಟ್ ಕೊನೆ: ಸ್ಕಾಟ್ಲೆಂಡ್

ಆರು ವಾರದ ಬೇಸಿಗೆ ರಜೆಯಲ್ಲಿ ಯಾವ ವಾರ ಎಂದು ಕೇಳಿದರೆ ಕೊನೆಯದಕ್ಕೆ ಹತ್ತಿರದ್ದು ಎನ್ನುತ್ತೇನೆ. ಸ್ಕಾಟ್ಲೆಂಡಿನ ಶಾಲೆಗಳು ಜೂನ್ ಕೊನೆಗೆ ಮುಚ್ಚಿ ಆಗಸ್ಟ್ ಮಧ್ಯದಲ್ಲೇ ತೆರೆಯುತ್ತವೆ. ಅಲ್ಲಿನ ಬೇಸಿಗೆಯ ಬ್ಯಾಂಕ್ ಹಾಲಿಡೇ ಕೂಡ ಆಗಸ್ಟಿನ ಮೊದಲ ಸೋಮವಾರ. ನಮ್ಮ ಮಕ್ಕಳಿಗೆ ಇನ್ನೂ ರಜೆ ಇರುವಾಗ ಅಲ್ಲಿನ ಮಕ್ಕಳು ತರಗತಿಯಲ್ಲಿರುತ್ತಾರೆ. ಜುಲೈ ಕೊನೆಯಲ್ಲಿ ಎರಡೂ ಕಡೆಯವರು ಒಟ್ಟಿಗೆ ಹೈಲ್ಯಾಂಡ್ಸ್ ಎಂಬ ಅಲ್ಲಿನ ಬೆಟ್ಟಸೀಮೆಯಲ್ಲಿ ತುಂಬಿಕೊಳ್ಳುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

2026ರಲ್ಲಿ ಆಗಸ್ಟಿನ ಕೊನೆಯ ಸೋಮವಾರ 31ನೇ ತಾರೀಕು, 2027ರಲ್ಲಿ 30. ಅದರ ಬೆನ್ನಲ್ಲೇ ನಮ್ಮ ಶಾಲೆಗಳು ಶುರುವಾಗುವುದರಿಂದ ಪ್ರವಾಸ ಆ ಸೋಮವಾರಕ್ಕೆ ಮುಗಿಯಬೇಕು, ಅಲ್ಲಿಂದ ಶುರುವಾಗಬಾರದು.

ದೂರವೇ ತೊಡಕು. ಬರ್ಕ್‌ಶೈರಿನಿಂದ ಹೈಲ್ಯಾಂಡ್ಸ್‌ನ ಇನ್ವರ್ನೆಸ್‌ಗೆ ಗಾಡಿಯಲ್ಲೇ ಹೋದರೆ ಹೋಗಲು ಎರಡು ದಿನ, ಬರಲು ಎರಡು. ಹತ್ತರಲ್ಲಿ ನಾಲ್ಕು ದಿನ ಮೋಟರ್‌ವೇಗೆ ಕೊಟ್ಟಂತಾಯಿತು. ಎರಡನೆಯ ಸಲ ನಾವು ಲಂಡನ್ನಿನ ಯೂಸ್ಟನ್ನಿನಿಂದ ಶುಕ್ರವಾರ ರಾತ್ರಿ ಕ್ಯಾಲೆಡೋನಿಯನ್ ಸ್ಲೀಪರ್ ರೈಲು ಹತ್ತಿ ಬೆಳಿಗ್ಗೆ ಇನ್ವರ್ನೆಸ್‌ನಲ್ಲಿ ಇಳಿದು ಅಲ್ಲಿಯೇ ಗಾಡಿ ಹಿಡಿದೆವು. ಶನಿವಾರ ರಾತ್ರಿ ಬಿಟ್ಟು ಉಳಿದ ರಾತ್ರಿ ಆ ರೈಲು ಓಡುತ್ತದೆ. ಮಕ್ಕಳಿಗೆ ಅದು ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಹೋದ ನೆನಪು.

ಇನ್ವರ್ನೆಸ್‌ನಿಂದ ಹೊರಟು ಉತ್ತರದ ಕರಾವಳಿಯನ್ನು ಸುತ್ತಿ ಅಲ್ಲಿಗೇ ಮರಳುವ ನಾರ್ತ್ ಕೋಸ್ಟ್ 500 ಹೆಸರೇ ಹೇಳುವಂತೆ 500 ಮೈಲಿಗೂ ಸ್ವಲ್ಪ ಹೆಚ್ಚು. ಮಕ್ಕಳಿದ್ದವರು ಇಡೀ ಸುತ್ತನ್ನು ಒಂದೇ ವಾರದಲ್ಲಿ ಮುಗಿಸುವ ಹಟ ಬಿಡಿ. ಪಶ್ಚಿಮದ ಅರ್ಧವೇ ಸಾಕಷ್ಟಾಯಿತು. ಅಲ್ಲಿನ ಬಹಳಷ್ಟು ರಸ್ತೆ ಒಂದೇ ಗಾಡಿಯ ಅಗಲ, ನಡುನಡುವೆ ಪಾಸಿಂಗ್ ಪ್ಲೇಸ್. ಅದು ನಿಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಿ, ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲೇ ನಿಂತು ಎದುರಿನವರನ್ನು ಅದರೊಳಗೆ ಬರಗೊಡಿ. ಹಿಂದೆ ಸ್ಥಳೀಯರ ಕಾರು ಬಂದರೂ ಬಿಟ್ಟುಕೊಡಿ, ಅವರು ಕೆಲಸಕ್ಕೆ ಹೊರಟವರು. ಆ್ಯಪಲ್‌ಕ್ರಾಸ್‌ಗೆ ಹೋಗುವ ಬಿಯಾಲಕ್ ನ ಬಾ ಘಟ್ಟದ ಬುಡದಲ್ಲಿ ದೊಡ್ಡ ಗಾಡಿಗಳಿಗೆ ಬೇಡವೆನ್ನುವ ಫಲಕವಿದೆ. ಶೀಲ್ಡೇಗ್ ಕಡೆಯಿಂದ ಕಡಲಂಚಿನ ರಸ್ತೆ ಹಿಡಿಯಿರಿ, ಬಳಸುದಾರಿಯಾದರೂ ಚೆಲುವಾಗಿದೆ.

ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ರಾತ್ರಿ ತಂಗಬಹುದು ಎಂಬ ಮಾತನ್ನು ನಂಬಿ ಹೋಗಬೇಡಿ. 2003ರ ಭೂಸುಧಾರಣಾ ಕಾಯ್ದೆ ಕೊಡುವ ಹಕ್ಕು ನಡೆದು ಹೋಗಿ ಡೇರೆ ಹಾಕುವವರಿಗೆ, ಮೋಟಾರು ಗಾಡಿಗಲ್ಲ. ಸೈಟ್ ಕಾದಿರಿಸಿಯೇ ಹೋಗಿ. ಮಿಡ್ಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ನೊಣ ಆಗಸ್ಟಿನಲ್ಲೂ ಇರುತ್ತದೆ, ಗಾಳಿ ಬೀಸಿದರೆ ಓಡುತ್ತದೆ. ಹಾಗಾಗಿ ಕಾಡಂಚಿನ ಸೈಟಿಗಿಂತ ಕಡಲಂಚಿನದು ಲೇಸು.

ಈಸ್ಟರ್: ದಿನಾಂಕ ನೋಡಿ ಮಾತಾಡಿ

ಈಸ್ಟರ್ ಭಾನುವಾರ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 2026ರಲ್ಲಿ ಏಪ್ರಿಲ್ 5. 2027ರಲ್ಲಿ ಮಾರ್ಚ್ 28, ಗಡಿಯಾರ ಒಂದು ಗಂಟೆ ಮುಂದೆ ಹೋಗುವ ದಿನವೂ ಅದೇ. ಏಪ್ರಿಲ್ ನಡುವಿನ ಈಸ್ಟರ್‌ನಲ್ಲಿ ಡೆವನ್, ಡಾರ್ಸೆಟ್ ಹಿತವಾಗಿರುತ್ತವೆ. ಮಾರ್ಚಿನ ಈಸ್ಟರ್‌ನಲ್ಲಿ ರಾತ್ರಿಯ ಚಳಿ ಇನ್ನೂ ಚಳಿಗಾಲದ್ದೇ, ವಿದ್ಯುತ್ ಹುಕ್-ಅಪ್ ಇಲ್ಲದ ಪಿಚ್ ತೆಗೆದುಕೊಳ್ಳಬೇಡಿ. ಇನ್ನೊಂದು ಮಾತು: ಈಸ್ಟರ್ ತೀರಾ ಬೇಗ ಅಥವಾ ತಡವಾಗಿ ಬಂದಾಗ ಕೆಲವು ಕೌನ್ಸಿಲ್‌ಗಳ ಎರಡು ವಾರದ ರಜೆ ಹಬ್ಬದ ಎರಡೂ ಬದಿಗೆ ಸಮನಾಗಿ ಬರುವುದಿಲ್ಲ. ನಾಲ್ಕು ರಜೆಗೆ ಹತ್ತು ದಿನ ಎಂಬ ನನ್ನ ಲೆಕ್ಕ ಆಗ ಕೆಡುತ್ತದೆ.

ಫೆಬ್ರವರಿ, ಅಕ್ಟೋಬರ್: ಬೇಡ

ಬಾಡಿಗೆ ಕಡಿಮೆ ಎಂಬ ಆಸೆಗೆ ನಾವು ಒಂದು ಫೆಬ್ರವರಿ ಹಾಫ್ ಟರ್ಮಿನಲ್ಲಿ ಪೀಕ್ ಡಿಸ್ಟ್ರಿಕ್ಟ್‌ಗೆ ಹೋದೆವು. ಬಾಡಿಗೆಯವರು ಕೊಟ್ಟಿದ್ದು ಬ್ಯೂಟೇನ್ ಸಿಲಿಂಡರ್. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಬ್ಯೂಟೇನ್ ಅನಿಲವಾಗಿ ಹೊರಬರುವುದೇ ಇಲ್ಲ; ಚಳಿಗೆ ಬೇಕಾದದ್ದು ಪ್ರೊಪೇನ್. ನಮಗದು ಗೊತ್ತಿರಲಿಲ್ಲ, ಗಾಡಿ ಕೊಟ್ಟವರೂ ಹೇಳಲಿಲ್ಲ. ಬೆಳಗಿನ ಜಾವ ಹೀಟರ್ ನಿಂತಿತು. ರಾತ್ರಿ ಅನ್ನ ಬೇಯಿಸಿದ ಆವಿಯೆಲ್ಲ ಕಿಟಕಿಗೆ ಕಟ್ಟಿ, ಹನಿಯಾಗಿ ಇಳಿದು, ಮಗನ ದಿಂಬು ಹಿಂಡುವ ಹಾಗಾಗಿತ್ತು. ಅವನು ಜಾಕೆಟ್ ಹಾಕಿಕೊಂಡೇ ನನ್ನ ಹೊದಿಕೆಯೊಳಗೆ ನುಗ್ಗಿ, ಅಮ್ಮಾ ಮನೆಗೆ ಹೋಗೋಣ ಎಂದ. ಹೋದೆವು. ಅಂದಿನಿಂದ ಗಾಡಿ ತೆಗೆದುಕೊಳ್ಳುವಾಗ ನಾನು ಮೊದಲು ತೆರೆಯುವುದು ಸಿಲಿಂಡರ್ ಗೂಡಿನ ಬಾಗಿಲು.

ಅಕ್ಟೋಬರ್ ಇಷ್ಟು ಕೆಟ್ಟದ್ದಲ್ಲ, ಆದರೆ ತಿಂಗಳ ಕೊನೆಯ ಭಾನುವಾರ ಗಡಿಯಾರ ಹಿಂದೆ ಹೋದ ಮೇಲೆ ಐದರೊಳಗೆ ಕತ್ತಲು. ಸಂಜೆಯೆಲ್ಲ ನಾಲ್ಕು ಜನ ಒಳಗೆ. ಬಹಳ ಸೈಟುಗಳು ಆಗಲೇ ಬಾಗಿಲು ಹಾಕುವ ಸಿದ್ಧತೆಯಲ್ಲಿರುತ್ತವೆ. ಕೆಲವು ವರ್ಷ ದೀಪಾವಳಿ ಅದಕ್ಕೇ ತಾಗಿಕೊಂಡು ಬರುತ್ತದೆ. ಎಣ್ಣೆಸ್ನಾನ, ಹೋಳಿಗೆ ಬಿಟ್ಟು ಕ್ಯಾಸೆಟ್ ಟಾಯ್ಲೆಟ್ ಖಾಲಿ ಮಾಡುತ್ತಾ ನಿಲ್ಲಲು ನನಗಿಷ್ಟವಿಲ್ಲ.

ಶಾಲೆ ತಪ್ಪಿಸಿ ಹೋದರೆ?

ಜೂನಿನಲ್ಲಿ ಬಾಡಿಗೆ ಕಡಿಮೆ, ಜನ ಕಡಿಮೆ, ಒಂದು ವಾರ ತಾನೇ ಎಂಬ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಇಂಗ್ಲೆಂಡಿನಲ್ಲಿ ಆಗಸ್ಟ್ 2024ರಿಂದ ನಿಯಮ ಹೀಗಿದೆ. ಹತ್ತು ಶಾಲಾ ವಾರಗಳೊಳಗೆ ಹತ್ತು ಸೆಷನ್, ಅಂದರೆ ಐದು ದಿನ, ಅನುಮತಿಯಿಲ್ಲದೆ ತಪ್ಪಿದರೆ ಶಾಲೆ ದಂಡದ ವಿಚಾರ ಎತ್ತಲೇಬೇಕು. ದಂಡ ಒಂದು ಮಗುವಿಗೆ, ಒಬ್ಬ ಪೋಷಕರಿಗೆ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಇಬ್ಬರು ಮಕ್ಕಳು, ಅಪ್ಪ, ಅಮ್ಮ ಎಂದರೆ ನಾಲ್ಕು ನೋಟಿಸು, 320 ಪೌಂಡ್. ಮೂರು ವರ್ಷದೊಳಗೆ ಎರಡನೆಯ ಸಲವಾದರೆ ನೇರವಾಗಿ ತಲಾ 160, ಒಟ್ಟು 640. ಮೂರನೆಯ ಸಲಕ್ಕೆ ಈ ದಂಡವಿಲ್ಲ, ಕೋರ್ಟ್ ಮೆಟ್ಟಿಲು ಹತ್ತಬೇಕಾಗಬಹುದು; ಅಲ್ಲಿ 2,500 ಪೌಂಡ್‌ವರೆಗೂ ಹೋಗಬಹುದು. ಬಾಡಿಗೆಯಲ್ಲಿ ಉಳಿಯುವುದನ್ನೂ ದಂಡವನ್ನೂ ಕೂಡಿ ಕಳೆದು ಲಾಭ ಎಂದು ತೋರಿಸುವವರಿದ್ದಾರೆ. ನಾನು ಮಾಡುವುದಿಲ್ಲ. ಎಲ್ಲಿ ಹೋಗಿದ್ದೆ ಎಂದು ಟೀಚರ್ ಕೇಳಿದರೆ ಏನು ಹೇಳಬೇಕು ಎಂಬುದನ್ನು ಮಗುವಿಗೆ ಕಲಿಸಿ ಕಳಿಸಬೇಕಾದ ಪ್ರವಾಸ ನನಗೆ ಬೇಡ.

ಹಬ್ಬದ ದಿನಕ್ಕೆ ಧಾರ್ಮಿಕ ಕಾರಣದ ರಜೆ ಕೊಡುವ ಅವಕಾಶ ಶಾಲೆಗಳಿಗಿದೆ. ಅದನ್ನು ಹಬ್ಬಕ್ಕೇ ಇಟ್ಟುಕೊಳ್ಳಿ. ಯುಗಾದಿಯ ಹೆಸರು ಹೇಳಿ ಗಾಡಿ ಹತ್ತಿದರೆ ಮುಂದಿನ ಸಲ ನಿಜವಾಗಿ ಕೇಳುವವರಿಗೂ ತೊಂದರೆ.

ನ್ಯಾಯವಾದ ದಾರಿಗಳು ಬೇರೆ ಇವೆ. ಮಗುವಿಗೆ ಐದು ತುಂಬಿದ ನಂತರದ ಟರ್ಮಿನಿಂದ ಮಾತ್ರ ಶಾಲೆ ಕಡ್ಡಾಯ. ಅದಕ್ಕೆ ಮೊದಲು ರಿಸೆಪ್ಷನ್ ಎಂಬ ಮೊದಲ ತರಗತಿಯಲ್ಲಿದ್ದರೂ ಈ ದಂಡ ಬರುವುದಿಲ್ಲ. ಒಬ್ಬಳೇ ಮಗಳು, ಅವಳಿಗಿನ್ನೂ ನಾಲ್ಕು ಎನ್ನುವವರು ಜೂನಿನಲ್ಲಿ ಮೂರು ವಾರ ಸುತ್ತಿ ಬನ್ನಿ, ಆ ಅವಕಾಶ ಮತ್ತೆ ಬರುವುದಿಲ್ಲ. ಇನ್ನು ಇನ್‌ಸೆಟ್ ಡೇ: ಶಿಕ್ಷಕರ ತರಬೇತಿಗೆಂದು ವರ್ಷಕ್ಕೆ ಐದು ದಿನ ಮಕ್ಕಳಿಗೆ ಶಾಲೆಯಿಲ್ಲ. ಹಾಫ್ ಟರ್ಮಿಗೆ ಅಂಟಿಕೊಂಡು ಬಂದರೆ ಒಂದು ದಿನ ಹೆಚ್ಚು. ಆದರೆ ಇದನ್ನು ಆಯಾ ಶಾಲೆಯೇ ನಿಗದಿ ಮಾಡುತ್ತದೆ. ಮಗಳು ಸೆಕೆಂಡರಿಗೆ ಹೋದ ಮೇಲೆ ನಮ್ಮ ಮನೆಯಲ್ಲಿ ಇಬ್ಬರ ಇನ್‌ಸೆಟ್ ಒಂದೇ ದಿನ ಬಿದ್ದದ್ದು ಒಂದೇ ಸಲ.

ಒಂದು ವರ್ಷ ಶಾಲೆಯನ್ನೇ ಬಿಡಿಸಿ, ಮನೆಪಾಠ ಮಾಡಿಸುತ್ತಾ ಯುರೋಪು ಸುತ್ತುವವರೂ ಇದ್ದಾರೆ. ಕಾನೂನು ಅದನ್ನು ಒಪ್ಪುತ್ತದೆ. ಆದರೆ ಹೆಸರು ತೆಗೆಸಿದ ಮೇಲೆ ಆ ಸೀಟು ನಿಮಗಾಗಿ ಕಾದಿರುವುದಿಲ್ಲ. ಒಳ್ಳೆಯ ಶಾಲೆಯ ಹತ್ತಿರವೆಂದು ದುಬಾರಿ ಬಾಡಿಗೆ ಕೊಟ್ಟು ಮನೆ ಹಿಡಿದವರು ಎರಡು ಸಲ ಯೋಚಿಸಿ.

ಯಾವ ತರಗತಿ ಎಂಬುದೂ ಲೆಕ್ಕಕ್ಕೆ ಬರುತ್ತದೆ

ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುವ ಗ್ರಾಮರ್ ಸ್ಕೂಲಿನ ಆಸೆ ಇರುವ ಮನೆಗಳಲ್ಲಿ 11-ಪ್ಲಸ್ ಎಂಬ ಆ ಪ್ರವೇಶ ಪರೀಕ್ಷೆ ಪ್ರೈಮರಿಯ ಕೊನೆಯ ವರ್ಷವಾದ ಇಯರ್ 6ರ ಸೆಪ್ಟೆಂಬರಿನಲ್ಲಿ. ಅದರ ಹಿಂದಿನ ಆಗಸ್ಟ್ ಟ್ಯೂಷನ್ನಿಗೆ ಹೋಗುತ್ತದೆ. ನಾವು ಆ ವರ್ಷ ಸ್ಕಾಟ್ಲೆಂಡ್ ಬಿಟ್ಟು ಈಸ್ಟರ್ ಹಿಡಿದೆವು. ಅದೇ ಇಯರ್ 6ರ ಮೇ ತಿಂಗಳು ಮಾತ್ರ ಹಬ್ಬ: ಪ್ರೈಮರಿ ಮುಗಿಸುವವರ ಸ್ಯಾಟ್ಸ್ ಪರೀಕ್ಷೆ ಹಾಫ್ ಟರ್ಮಿಗೆ ಮೊದಲೇ ಮುಗಿದು ಮಗು ಹಗುರಾಗಿರುತ್ತದೆ. ಇಯರ್ 11ರಲ್ಲಿ ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಪರೀಕ್ಷೆಗಳು ಮೇ ಹಾಫ್ ಟರ್ಮಿನ ಎರಡೂ ಬದಿಗೆ ಹರಡಿರುತ್ತವೆ, ಆ ವರ್ಷ ಗಾಡಿಯ ಮಾತೇ ಬೇಡ. ಜೂನಿನಲ್ಲಿ ಪರೀಕ್ಷೆ ಮುಗಿಸಿದ ದೊಡ್ಡವರಿಗೆ ರಜೆ, ತಮ್ಮ-ತಂಗಿಯರಿಗೆ ಶಾಲೆ ಎಂಬ ಬೇರೆ ಇಕ್ಕಟ್ಟು ಆಗ ಶುರು.

ಬಾಡಿಗೆಯೋ ಸ್ವಂತದ್ದೋ

ನಮ್ಮ ಲೆಕ್ಕದಲ್ಲಿ ಗಾಡಿಯ ವರ್ಷಕ್ಕೆ 26 ರಾತ್ರಿ, ಊರಿನ ವರ್ಷಕ್ಕೆ ಎಂಟು. ಸರಾಸರಿ 17. ಇಷ್ಟಕ್ಕೆ ಗಾಡಿ ಕೊಂಡು ವಿಮೆ, ತೆರಿಗೆ, ಎಂಒಟಿ ಎಂಬ ವಾರ್ಷಿಕ ತಪಾಸಣೆ, ನಿಲ್ಲಿಸುವ ಜಾಗದ ಬಾಡಿಗೆ ಕಟ್ಟುವುದು ತರವಲ್ಲ. ವಾರಾಂತ್ಯಕ್ಕೂ ಹೋಗಬೇಕು, ವರ್ಷಕ್ಕೆ ನಲವತ್ತು ರಾತ್ರಿ ದಾಟುತ್ತದೆ ಎನ್ನುವವರಿಗೆ ಸ್ವಂತದ್ದು ಸರಿ. ಬಾಡಿಗೆಯವರು ಹೆಚ್ಚಿನ ಕಡೆ ಎರಡು ರಾತ್ರಿಗೆ ಗಾಡಿ ಕೊಡುವುದಿಲ್ಲ. ಸ್ವಂತ ಗಾಡಿಯಿದ್ದು ಕ್ಯಾರವಾನ್ ಕ್ಲಬ್ಬಿನ ಸದಸ್ಯರಾದರೆ ಐದೇ ಗಾಡಿಗೆ ಜಾಗವಿರುವ ಹೊಲದಂಚಿನ ಪುಟ್ಟ ಸೈಟುಗಳು ಸಿಗುತ್ತವೆ. ಶುಕ್ರವಾರ ಸಂಜೆಗೆ ಅವು ಹೇಳಿ ಮಾಡಿಸಿದ ಹಾಗೆ.

ಅಜ್ಜಿ-ತಾತ ಬರುವ ವಿಷಯ ಹೇಳಿದ್ದೆನಲ್ಲ. ಆರು ಜನ ಮಲಗುವ ಗಾಡಿ ಎಂದರೆ ಆರು ಜನ ಕೂತು ಪ್ರಯಾಣ ಮಾಡುವ ಗಾಡಿ ಎಂದಲ್ಲ. ಹಾಸಿಗೆ ಎಣಿಸಬೇಡಿ, ಸೀಟ್ ಬೆಲ್ಟ್ ಎಣಿಸಿ. ಮಕ್ಕಳಿಗೆ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಕಾರ್ ಸೀಟ್ ಬೇಕು, ಪಕ್ಕಕ್ಕೆ ಮುಖ ಮಾಡಿದ ಬೆಂಚಿಗೆ ಅದು ಕೂರುವುದಿಲ್ಲ. ತೂಕವನ್ನೂ ನೋಡಿ: 1997ರ ನಂತರ ಇಲ್ಲಿ ಕಾರಿನ ಲೈಸೆನ್ಸ್ ಪಡೆದವರು ಸಾಮಾನ್ಯವಾಗಿ ಓಡಿಸಬಹುದಾದದ್ದು ಒಟ್ಟು 3,500 ಕಿಲೋವರೆಗಿನ ಗಾಡಿ. 100 ಲೀಟರ್ ನೀರು ತುಂಬಿದರೇ 100 ಕಿಲೋ. ಆರು ಜನ, ಅಕ್ಕಿ, ಕುಕ್ಕರ್, ಸೈಕಲ್ ಸೇರಿದರೆ ಮಿತಿ ಮೀರಲು ಹೆಚ್ಚು ಹೊತ್ತು ಬೇಡ. ಮಾವನವರಿಗೆ ಮೊಣಕಾಲು ನೋವು, ಚಾಲಕನ ತಲೆಯ ಮೇಲಿನ ಹಾಸಿಗೆಗೆ ಏಣಿ ಹತ್ತಲಾಗದು. ಅತ್ತೆಯವರಿಗೆ ಆ ಪುಟ್ಟ ಟಾಯ್ಲೆಟ್ ಒಗ್ಗಲಿಲ್ಲ. ಅವರು ಬಂದ ಬೇಸಿಗೆಯಲ್ಲಿ ನಾವು ಗಾಡಿಯನ್ನೂ, ಅದೇ ಸೈಟಿನಲ್ಲಿ ಅವರಿಬ್ಬರಿಗೆ ಒಂದು ಪುಟ್ಟ ಕ್ಯಾಬಿನ್ನನ್ನೂ ಹಿಡಿದೆವು. ಅವರು ರೈಲಿನಲ್ಲಿ ಬಂದರು. ಬೆಳಿಗ್ಗೆ ಮಾವನವರು ಕಾಫಿ ಲೋಟ ಹಿಡಿದು ಹುಲ್ಲು ದಾಟಿ ನಮ್ಮ ಗಾಡಿಯ ಬಾಗಿಲು ತಟ್ಟುತ್ತಿದ್ದರು.

ಕಾದಿರಿಸುವ ಕ್ರಮ ನಮ್ಮಲ್ಲಿ ಹೀಗಿದೆ: ಸೆಪ್ಟೆಂಬರಿನಲ್ಲಿ ಇಬ್ಬರೂ ಆಫೀಸಿನಲ್ಲಿ ಮೇ ತಿಂಗಳ ನಾಲ್ಕು ರಜೆ ಹಾಕುತ್ತೇವೆ, ಒಪ್ಪಿಗೆ ಬಂದ ಮೇಲೆ ಗಾಡಿ, ಗಾಡಿಯ ಉದ್ದ ಗೊತ್ತಾದ ಮೇಲೆ ಪಿಚ್. ಮೊದಲ ಸಲ ಹೊರಡುವವರು ಒಂಬತ್ತು ದಿನಕ್ಕೆ ಕೈಹಾಕುವ ಮೊದಲು ಮಾಮೂಲಿ ಬ್ಯಾಂಕ್ ಹಾಲಿಡೇಯ ಮೂರು ರಾತ್ರಿಗೆ, ಮನೆಯಿಂದ ಒಂದು ಗಂಟೆ ದೂರದಲ್ಲಿ, ನ್ಯೂ ಫಾರೆಸ್ಟೋ ಸೌತ್ ಡೌನ್ಸೋ ನೋಡಿ ಹೋಗಿಬನ್ನಿ. ಎರಡನೆಯ ರಾತ್ರಿ ಮಕ್ಕಳು ತಾವಾಗಿ ಹಾಸಿಗೆ ಬಿಡಿಸಿಕೊಂಡರೆ ಮೇ ವಾರಕ್ಕೆ ಧೈರ್ಯವಾಗಿ ಮುಂಗಡ ಕಟ್ಟಿ.